ಎನ್‌ಜಿಸಿ 1097ರ ನಡುವಿನ ಉಂಗುರ ಎಚ್-ಆಲ್ಫಾದಲ್ಲಿ ಯಾಕೆ ಮಂಕು?

ಮೃಗಶಿರಾ_ಪುಣೆ:
ನಮಸ್ಕಾರ. 8 ಇಂಚಿನ ಎಸ್‌ಸಿಟಿ (ಶ್ಮಿಟ್-ಕ್ಯಾಸೆಗ್ರೇನ್ ದೂರದರ್ಶಕ), ಫೋಕಲ್ ಲೆಂತ್ 2000 ಮಿ.ಮೀ., 3.76 ಮೈಕ್ರಾನ್ ಪಿಕ್ಸೆಲಿನ ಮೊನೊ ಕ್ಯಾಮೆರಾ. ಗುರಿ ಎನ್‌ಜಿಸಿ 1097 ಗೆಲಾಕ್ಸಿಯ ಬಾರ್ (ನಕ್ಷತ್ರಗಳ ಉದ್ದ ಪಟ್ಟಿ) ನಡುವೆ ನಕ್ಷತ್ರಗಳು ಹುಟ್ಟುತ್ತಿರುವ ಉಂಗುರ. ಎಲ್ಲ ಬಣ್ಣದ ಬೆಳಕನ್ನೂ ಬಿಡುವ, 300 ಸೆಕೆಂಡಿನ ಲ್ಯೂಮಿನೆನ್ಸ್‌ನಲ್ಲಿ ಬರೀ ಬಿಳಿ ಮುದ್ದೆ. 3 ನ್ಯಾನೊಮೀಟರ್ ಅಗಲದ ಎಚ್-ಆಲ್ಫಾ ಫಿಲ್ಟರಿನಲ್ಲಿ (ಹೈಡ್ರೋಜನ್ ಸೂಸುವ ಕೆಂಪು ಬೆಳಕನ್ನಷ್ಟೇ ಬಿಡುವುದು) ಎದ್ದು ಕಾಣಬೇಕಿತ್ತು, ಆದರೆ ಕೆಂಪು ಫಿಲ್ಟರಿಗಿಂತಲೂ ಮಂಕು. ಯಾಕೆ? ಅನ್‌ಶಾರ್ಪ್ ಮಾಸ್ಕ್ (ಅಂಚುಗಳನ್ನು ಚೂಪಾಗಿಸುವ ಸಂಸ್ಕರಣೆ) ಹಾಕಿದರೆ ಉಂಗುರದೊಳಗೆ ಗೆರೆಯೊಂದು ಬರುತ್ತಿದೆ. ಅಲ್ಲಿದೆ ಅನ್ನುವ ಕಿರು ಬಾರ್ ಇದೇನಾ?

ಡೊಂಬಿವಲಿ_ದುರ್ಬೀನು:
ಫಿಲ್ಟರಿನಲ್ಲಿ ದೋಷವಿಲ್ಲ, ಆ ಗೆಲಾಕ್ಸಿಗೆ ಅದು ಒಗ್ಗುವುದಿಲ್ಲ. ಗೆಲಾಕ್ಸಿ ಸೆಕೆಂಡಿಗೆ ಸುಮಾರು 1270 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿದೆ. ಹಾಗಾಗಿ ಎಚ್-ಆಲ್ಫಾದ 656.3 ನ್ಯಾನೊಮೀಟರಿನ ಬೆಳಕು ನಮಗೆ ಸಿಗುವುದು 659.1 ನ್ಯಾನೊಮೀಟರಿನಲ್ಲಿ. ನಿಮ್ಮ ಫಿಲ್ಟರ್ 657.8ಕ್ಕೇ ಮುಚ್ಚಿಕೊಳ್ಳುತ್ತದೆ. 7 ನ್ಯಾನೊಮೀಟರಿನದು 659.8ರ ತನಕ ಬಿಡುತ್ತದೆ, ಆದರೆ ಅಂಚಿನಲ್ಲಿ. ಉಂಗುರ ತಿರುಗುತ್ತಿರುವುದರಿಂದ ಅದರ ಒಂದು ಬದಿಯ ಬೆಳಕು ಇನ್ನೂ ಆಚೆ ಜಾರುತ್ತದೆ. ಅರ್ಧ ಉಂಗುರ ಮಂಕಾಗಿ ಬಂದರೆ ಆ ಬದಿಯಲ್ಲಿ ನಕ್ಷತ್ರಗಳು ಕಡಿಮೆ ಹುಟ್ಟುತ್ತಿವೆ ಎಂದು ಓದಿಕೊಳ್ಳಬೇಡಿ. 12 ನ್ಯಾನೊಮೀಟರಿನದು ಸಿಕ್ಕರೆ ನಿಶ್ಚಿಂತೆ.

ನಿಮ್ಮ ಸ್ಕೇಲ್ ಪಿಕ್ಸೆಲಿಗೆ 0.39 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ). ಉಂಗುರದ ಅಡ್ಡಳತೆ ಸುಮಾರು 20 ಆರ್ಕ್‌ಸೆಕೆಂಡ್, ಅಂದರೆ 50 ಪಿಕ್ಸೆಲ್. 3 ಆರ್ಕ್‌ಸೆಕೆಂಡಿನ ಸೀಯಿಂಗ್‌ನಲ್ಲೂ (ಗಾಳಿಯ ಕದಲಿಕೆಯಿಂದಾಗುವ ಮಸುಕು) ಬೇರ್ಪಡುತ್ತದೆ. ನಡುಭಾಗಕ್ಕೆ 20–30 ಸೆಕೆಂಡಿನ ಫ್ರೇಮುಗಳನ್ನು ಬೇರೆಯಾಗಿ ತೆಗೆದು, ಚೂಪಾದವನ್ನಷ್ಟೇ ಆರಿಸಿ ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಸೇರಿಸಿ). ಹೊರಗಿನ ಸುರುಳಿಗಳಿಗೆ ಮಾತ್ರ 300 ಸೆಕೆಂಡ್.

ವಾಸ್ಕೊ_ತಾರೆ:
ಉಂಗುರಕ್ಕಿಂತ ಮೊದಲು ಬಾರ್‌ನೊಳಗಿನ ಎರಡು ದೂಳಿನ ಪಟ್ಟಿಗಳನ್ನು ಹುಡುಕಿ. ನಿಜವಾದ ಸೊಗಸು ಅಲ್ಲಿದೆ. ಅವು ಬಾರ್‌ನ ನಟ್ಟನಡುವೆ ಹಾಯುವುದಿಲ್ಲ, ಬಾರ್ ತಿರುಗುವ ದಿಕ್ಕಿನ ಮುಂಚೂಣಿ ಅಂಚಿಗೆ ಸರಿದಿರುತ್ತವೆ. ಅನಿಲ ಅಲ್ಲಿ ಆಘಾತಕ್ಕೆ ಸಿಕ್ಕಿ ಒತ್ತಿಕೊಂಡು, ಕೋನೀಯ ಸಂವೇಗ ಕಳೆದುಕೊಂಡು ಒಳಗೆ ಇಳಿಯುತ್ತದೆ. ಆದರೆ ನೇರ ಕಪ್ಪುರಂಧ್ರಕ್ಕೆ ಬೀಳುವುದಿಲ್ಲ. ಒಳ ಲಿಂಡ್‌ಬ್ಲಾಡ್ ಅನುರಣನದ (ಕಕ್ಷೆಯ ಲಯ ಬಾರ್ ತಿರುಗುವ ಲಯಕ್ಕೆ ತಾಳ ಹಾಕುವ ವಲಯ) ಒಳಗೆ, ಬಾರ್‌ಗೆ ಅಡ್ಡಲಾಗಿ ಚಾಚಿದ ಕಕ್ಷೆಗಳಿರುತ್ತವೆ. ಅನಿಲ ಅಲ್ಲಿ ತಂಗಿ ರಾಶಿಯಾಗುತ್ತದೆ. ಅದೇ ಉಂಗುರ, ಸುಮಾರು 5000 ಜ್ಯೋತಿರ್ವರ್ಷ ಅಗಲ. ದೂಳಿನ ಪಟ್ಟಿಗಳು ಅದನ್ನು ಮುಟ್ಟುವ ಎರಡು ಜಾಗಗಳನ್ನು ಎಚ್-ಆಲ್ಫಾ ಚಿತ್ರದಲ್ಲಿ ಗಮನಿಸಿ. ಚಿಲಿಯ ದೊಡ್ಡ ದೂರದರ್ಶಕ ವಿಎಲ್‌ಟಿಯ ಅವಕೆಂಪು ಚಿತ್ರಗಳಲ್ಲಿ ಉಂಗುರದಿಂದ ಇನ್ನೂ ಒಳಕ್ಕೆ ಸುರುಳಿಯಾಗಿ ಇಳಿಯುವ ಎಳೆಗಳೂ ಕಂಡಿವೆ.

ಆ ಗೆರೆಯನ್ನು ನಾನಂತೂ ಕಿರು ಬಾರ್ ಅನ್ನುವುದಿಲ್ಲ. ಕಿರು ಬಾರ್ ಇದೆ, ಆದರೆ ಹತ್ತಿರದ ಅವಕೆಂಪಿನಲ್ಲಿ, ಚೂಪಾದ ಚಿತ್ರದಲ್ಲಿ ಸಿಗುವಂಥದ್ದು. ಅದೇ ಫ್ರೇಮಿನ ಒಂದು ನಕ್ಷತ್ರಕ್ಕೂ ಅದೇ ಮಾಸ್ಕ್ ಹಾಕಿ. ಅದೂ ಅದೇ ದಿಕ್ಕಿಗೆ ಉದ್ದವಾದರೆ ಟ್ರ್ಯಾಕಿಂಗ್ ಇಲ್ಲವೇ ಕೊಲಿಮೇಷನ್ (ಕನ್ನಡಿಗಳ ಹೊಂದಿಕೆ) ನೋಡಬೇಕು. ನಕ್ಷತ್ರ ದುಂಡಗೇ ಇದ್ದರೆ ಕ್ಯಾಮೆರಾ 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ ತೆಗೆಯಿರಿ. ಆಗಲೂ ಗೆರೆ ಆಕಾಶದಲ್ಲಿ ಅದೇ ದಿಕ್ಕಿಗಿದ್ದರೆ ದೂಳು ಬೆಳಕನ್ನು ಕತ್ತರಿಸಿದ್ದರಿಂದ ಉಳಿದ ಆಕಾರವಿರಬಹುದು. 850 ನ್ಯಾನೊಮೀಟರಿನ ಫಿಲ್ಟರಿನಲ್ಲಿ ದೂಳಿನ ಕಾಟ ಕಡಿಮೆ. ಅಲ್ಲಿ ಗೆರೆ ಮಾಸಿದರೆ ಅದು ದೂಳೇ.

ಮೃಗಶಿರಾ_ಪುಣೆ:
ಇಬ್ಬರಿಗೂ ಧನ್ಯವಾದ. ಇದಕ್ಕೆ ಪುಣೆಯ ಉತ್ತರದ ನಾರಾಯಣಗಾಂವ್ ಕಡೆ ಹೋದರೆ ಆದೀತಾ?

ಡೊಂಬಿವಲಿ_ದುರ್ಬೀನು:
ಬೇಡ. ಅಲ್ಲಿಂದ ಪುಣೆಯ ಬೆಳಕು ದಕ್ಷಿಣಕ್ಕೆ ಬೀಳುತ್ತದೆ, ಈ ಗೆಲಾಕ್ಸಿಯೂ ಅದೇ ಕಡೆ. ಡಿಕ್ಲಿನೇಷನ್ (ಆಕಾಶದ ಅಕ್ಷಾಂಶ) ಮೈನಸ್ 30, ಹಾಗಾಗಿ ನಿಮ್ಮಲ್ಲಿ 41 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ದಕ್ಷಿಣದ ಭೋರ್, ವೆಲ್ಹೆ ಕಡೆ ಹೋಗಿ, ಊರು ಬೆನ್ನಿಗಿರಲಿ. ಡಿಸೆಂಬರ್ ನಡುವಿನಲ್ಲಿ ರಾತ್ರಿ 9:45ರ ಸುಮಾರಿಗೆ ನೆತ್ತಿಗೆರೆ (ನೆತ್ತಿಯ ಮೇಲಿನ ಉತ್ತರ-ದಕ್ಷಿಣ ಗೆರೆ) ದಾಟುತ್ತದೆ. ಅದರ ಆಚೀಚೆ ಒಂದೂವರೆ ಗಂಟೆಯ ಫ್ರೇಮುಗಳನ್ನಷ್ಟೇ ನಡುಭಾಗಕ್ಕೆ ಬಳಸಿ.