ಅಪ್‌ಡೇಟ್: ಅತ್ತೆ ಮನೆಯ 34 ಬೆಕ್ಕುಗಳು

ಮೂರು ತಿಂಗಳ ಹಿಂದೆ ಕೇಳಿದ್ದೆ: ಮೈಸೂರಿನಲ್ಲಿ ಒಂಟಿಯಾಗಿರುವ ಸೋದರತ್ತೆ ಎರಡು ಕೋಣೆಯ ಮನೆಯಲ್ಲಿ 34 ಬೆಕ್ಕು ಇಟ್ಟುಕೊಂಡಿದ್ದಾರೆ, ಒಂದನ್ನೂ ಬಿಟ್ಟುಕೊಡುತ್ತಿಲ್ಲ, ಏನು ಮಾಡಲಿ ಅಂತ.

ಮೊದಲು ಜಗಳ ಆಡಿ ತಪ್ಪು ಮಾಡಿದೆ. ಅವರು ಬಾಗಿಲೇ ತೆಗೆಯಲಿಲ್ಲ. ಆಮೇಲೆ ನಿಮ್ಮಲ್ಲೊಬ್ಬರು ಹೇಳಿದಂತೆ "ಕೊಟ್ಟುಬಿಡಿ" ಅನ್ನದೆ "ಮರಿ ಆಗದಂತೆ ಆಪರೇಷನ್ ಮಾಡಿಸೋಣ" ಅಂದೆ. ಒಪ್ಪಿದರು! ಹೆಣ್ಣು ಬೆಕ್ಕು ನಾಲ್ಕೈದು ತಿಂಗಳ ವಯಸ್ಸಿಗೇ ಗಬ್ಬವಾಗಬಹುದು, ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ. ಹಾಗಾಗಿ ಹೆಣ್ಣುಗಳನ್ನೇ ಮೊದಲು ಒಯ್ದೆವು.

ಮನೆಯೊಳಗೆ ಬೆಕ್ಕಿನ ಮೂತ್ರದ ಅಮೋನಿಯಾ ಘಾಟು. ಬೆಕ್ಕುಗಳ ಕಣ್ಣು ಸೋರುತ್ತಿತ್ತು, ಅತ್ತೆಗೂ ಬಿಡದ ಕೆಮ್ಮು. ಮೂರು ಮರಿಗಳು ಉಳಿಯಲಿಲ್ಲ. ಅವಕ್ಕೂ ಅತ್ತೆ ಹೆಸರಿಟ್ಟಿದ್ದರು. ಅವರು ಕ್ರೂರಿ ಅಲ್ಲ, ಅದನ್ನು ಒತ್ತಿ ಹೇಳಬೇಕು. ಮಾವ ಹೋದ ಮೇಲೆ ಶುರುವಾಗಿದ್ದು ಇದು. ಸುಮ್ನೆ ಬೆಕ್ಕು ಎತ್ತಿಕೊಂಡು ಹೋಗಿದ್ದರೆ ಮತ್ತೆ ತಂದು ತುಂಬಿಸುತ್ತಿದ್ದರು, ಅಲ್ವಾ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಿದೆ. ಈಗ ಅತ್ತೆ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದಾರೆ. 19 ಬೆಕ್ಕುಗಳಿಗೆ ಹೊಸ ಮನೆ ಸಿಕ್ಕಿದೆ, ಯಾವುದು ಯಾರಿಗೆ ಅಂತ ಅತ್ತೆಯೇ ಆರಿಸಿದರು. 12 ಅವರ ಬಳಿಯೇ ಇವೆ. ಅದೂ ಜಾಸ್ತಿಯೇ, ಆದರೆ ಸದ್ಯಕ್ಕೆ ಒತ್ತಾಯ ಮಾಡುವುದಿಲ್ಲ. ಪ್ರತಿ ಭಾನುವಾರ ಹೋಗಿ ಮನೆ ತೊಳೆದು, ಎಣಿಸಿ ಬರುತ್ತೇನೆ.