ಲ್ಯಾಂಡಿಂಗ್ ಗೇರ್‌ಗೆ ‘ಚಕ್ರ’ ಅಂದರೆ ಸಾಕಾ?

ಎಲ್ಲರಿಗೂ ಬೆಳಗಾವಿಯಿಂದ ನಮಸ್ಕಾರ.

ಮಕ್ಕಳಿಗಾಗಿ ವಿಮಾನದ ಬಗ್ಗೆ ಸಣ್ಣ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ‘ಲ್ಯಾಂಡಿಂಗ್ ಗೇರ್’, ಅಂದರೆ ವಿಮಾನ ನೆಲಕ್ಕಿಳಿಯುವಾಗ ಹೊರಬರುವ ಗಾಲಿಗಳ ಜೋಡಣೆ, ಅನ್ನೋ ಪದಕ್ಕೆ ಬಂದು ವಾರದಿಂದ ಅಲ್ಲೇ ನಿಂತಿದ್ದೇನೆ. ಪತ್ರಿಕೆಗಳಲ್ಲಿ ‘ಚಕ್ರ ತೆರೆದುಕೊಳ್ಳಲಿಲ್ಲ’, ‘ಚಕ್ರ ವೈಫಲ್ಯ’ ಅಂತ ಬರುತ್ತದೆ. ಗೇರ್ ಅಂತಲೇ ಬಿಟ್ಟರೆ ಮಕ್ಕಳು ಬೈಕಿನ ಗೇರ್ ಅಂದುಕೊಳ್ಳುತ್ತಾರೆ.

ಅಕ್ಕನ ಮಗ ಹತ್ತರಗಿ ಹತ್ತಿರ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಅವನನ್ನು ಕೇಳಿದೆ. “ಮಾಮಾ, ಬರೇ ಗಾಲಿ ಅಂತ ಬರೀಬ್ಯಾಡ್ರಿ. ಅದು ಕಾಲು. ಕೀಲು ಐತಿ, ಮಡಚತೈತಿ, ಭಾರ ಹೊರತೈತಿ” ಅಂದ. ನಿಜ. ಆ ಕಾಲಿನೊಳಗೆ ಎಣ್ಣೆ ಮತ್ತು ನೈಟ್ರೋಜನ್ ಇರುತ್ತವೆ. ನೆಲ ಮುಟ್ಟುವಾಗಿನ ಹೊಡೆತವನ್ನು ಅವೇ ನುಂಗುತ್ತವೆ. ಗಾಲಿ ಕೊನೆಯ ತುಂಡು ಅಷ್ಟೆ.

ಮೊನ್ನೆ ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ವಿಮಾನ ಹತ್ತುವಾಗ ಒಬ್ಬರು ಬಗ್ಗಿ ಕೂತಿದ್ದರು. ಗಾಲಿಯ ಮೇಲಿನ ಹೊಳೆಯುವ ದಂಡಕ್ಕೆ ಟಾರ್ಚ್ ಬಿಟ್ಟರು. ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೇ ಬೆಳಕಿಗೆ ಹಿಡಿದು ನೋಡಿದರು. ಎಣ್ಣೆ ಸೋರಿದೆಯಾ ಅಂತ. ಆ ದಂಡ ಎಷ್ಟು ಹೊರಗೆ ಕಾಣಬೇಕು ಅನ್ನೋದಕ್ಕೂ ಅಳತೆ ಇದೆ. ನನಗೆ ನಮ್ಮಜ್ಜ ನೆನಪಾದರು. ಸಂತೆಗೆ ಹೋಗುವ ಹಿಂದಿನ ರಾತ್ರಿ ಚಕ್ಕಡಿಯ ಕಡೆಗೀಲು ತೆಗೆದು, ಗಾಲಿ ಎಳೆದು, ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದರು. ಗಾಲಿ ಚೆನ್ನಾಗಿ ತಿರುಗುತ್ತಿದ್ದರೂ ಬಿಡುತ್ತಿರಲಿಲ್ಲ.

ಹಾಗಾಗಿ ‘ವೈಫಲ್ಯ’ವೂ ನನಗೆ ಒಪ್ಪಿಗೆಯಾಗುತ್ತಿಲ್ಲ. 1991ರ ಜುಲೈ 11ರಂದು ಜೆಡ್ಡಾದಿಂದ ಹಜ್ ಯಾತ್ರಿಕರನ್ನು ಕೂರಿಸಿಕೊಂಡು ಡಿಸಿ-8 ವಿಮಾನ ಹೊರಟಿತು. ಟೈರಿನಲ್ಲಿ ಗಾಳಿ ಕಡಿಮೆ ಇರೋದು ನೆಲದ ಸಿಬ್ಬಂದಿಗೆ ಗೊತ್ತಿತ್ತು. ತುಂಬಲಿಲ್ಲ. ರನ್‌ವೇ ಮೇಲೆ ಓಡುವಾಗಲೇ ಟೈರ್ ಕಾದು, ಒಡೆದು, ಹೊತ್ತಿಕೊಂಡಿತು. ಹಾರಿದ ಮೇಲೆ ಉರಿಯುವ ಗಾಲಿ ವಿಮಾನದ ಹೊಟ್ಟೆಯೊಳಗೆ ಮಡಚಿಕೊಂಡಿತು. 261 ಜನ ಹೋದರು. ಇದನ್ನು ‘ಚಕ್ರ ವೈಫಲ್ಯ’ ಅಂತ ಬರೆದರೆ ತಪ್ಪೆಲ್ಲ ಚಕ್ರದ್ದೇ ಅಂತಾಗುತ್ತದೆ, ಅಲ್ವಾ?

‘ಮೇಂಟೆನೆನ್ಸ್’ಗೆ ‘ನಿರ್ವಹಣೆ’ ಅಂತೀವಿ. ಆದರೆ ಸಮಾರಂಭದಲ್ಲಿ ಮೈಕ್ ಹಿಡಿದವರು ಮಾಡೋದೂ ನಿರ್ವಹಣೆಯೇ. ನನಗೆ ‘ಆರೈಕೆ’ ಇಷ್ಟ. ಗೆಳೆಯರೊಬ್ಬರು ಅದು ಬಾಣಂತಿಗೆ, ಕೂಸಿಗೆ ಹೇಳುವ ಮಾತು ಅಂದರು. ಅದಕ್ಕೇ ನನಗೆ ಹಿಡಿಸಿದ್ದು. ರಿಪೇರಿ ಕೆಟ್ಟ ಮೇಲಿನದು, ಆರೈಕೆ ಕೆಡುವ ಮೊದಲಿನದು. ಸರಿಯಾಗಿಯೇ ಇರುವ ವಿಮಾನದ ಕಾಲನ್ನೂ ಸುಮಾರು ಹತ್ತು ವರ್ಷಕ್ಕೊಮ್ಮೆ ಕಳಚಿ, ಒಂದೊಂದು ತುಂಡನ್ನೂ ಬಿಚ್ಚಿ, ಬಿರುಕು ತುಕ್ಕು ನೋಡಿ ಮತ್ತೆ ಜೋಡಿಸುತ್ತಾರೆ.

ಲ್ಯಾಂಡಿಂಗ್ ಗೇರ್‌ಗೆ ಮೊದಲು ‘ಇಳಿಗಾಲು’ ಅಂತ ಬರೆದೆ. ಓದಿ ನೋಡಿದರೆ ‘ಇಳಿಗಾಲ’ದ ಹಾಗೆ ಕೇಳಿಸುತ್ತದೆ. ಈಗ ‘ಗಾಲಿಗಾಲು’ ಅಂತ ತಿದ್ದಿದ್ದೇನೆ. ಮಕ್ಕಳ ಬಾಯಿಗೆ ಸಲೀಸು. ಗಾಲಿ, ಕಾಲು ಎರಡೂ ಬರುತ್ತವೆ. ನಿಮಗೆ ಹೇಗನ್ನಿಸುತ್ತದೆ?

ಇನ್ನೊಂದು ಪದ ಬೇಕು. ಕಾಲು ಪೂರ್ತಿ ಇಳಿದ ಮೇಲೆ ಮತ್ತೆ ಮಡಚದಂತೆ ಹಿಡಿದಿಡುವ ಲಾಕ್ ಇರುತ್ತದೆ. ಅದಕ್ಕೆ ಕೊಂಡಿ ಅನ್ನೋಣವಾ, ಚಿಲಕ ಅನ್ನೋಣವಾ? ಬಾಗಲಕೋಟೆ, ವಿಜಯಪುರ ಕಡೆ ಬಡಿಗರ, ಕಮ್ಮಾರರ ಮನೆಯವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಇಂಥದ್ದಕ್ಕೆ ಬೇರೆ ಹೆಸರಿದೆಯಾ, ದಯವಿಟ್ಟು ತಿಳಿಸಿ.