ಅಮೆರಿಕದ ಕಾಡು ಟರ್ಕಿಯಂತೆ ನಮ್ಮ ತೋಟಕ್ಕೂ ಕಾಡುಕೋಳಿ ತಂದು ಬಿಡಬಹುದೇ?

ಬಾಣೆಅಂಚು:
ಕೊಡಗಿನ ಮಾದಾಪುರ ಕಡೆ ರೊಬಸ್ಟಾ ಕಾಫಿ ತೋಟ, ಒಂದು ಬದಿಗೆ ದೇವರಕಾಡು. ಕಾಡುಕೋಳಿ ಕೂಗುವುದೆಲ್ಲ ದೇವರಕಾಡಿನಲ್ಲೇ, ಬೇಲಿ ದಾಟಿ ಈಚೆಗೆ ಬರುವುದಿಲ್ಲ. ಅಮೆರಿಕದಲ್ಲಿ ಅಳಿವಿನಂಚಿಗೆ ಹೋಗಿದ್ದ ಕಾಡು ಟರ್ಕಿಯನ್ನು ಹೊಸ ಜಾಗಗಳಿಗೆ ಬಿಟ್ಟು ಬೆಳೆಸಿದರಂತೆ. ಹಾಗೆಯೇ ಕಾಡುಕೋಳಿ ಮೊಟ್ಟೆ ತಂದು ನಾಟಿಕೋಳಿ ಕೈಲಿ ಕಾವು ಕೊಡಿಸಿ, ಮರಿ ಬಲಿತ ಮೇಲೆ ತೋಟಕ್ಕೆ ಬಿಟ್ಟರೆ ನಿಲ್ಲುತ್ತವೆಯೇ?

ಕೋವಿಮನೆ:
ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಮೊಟ್ಟೆ ತೆಗೆಯುವುದು, ಗೂಡು ಕೆದಕುವುದು ಕೂಡ ಬೇಟೆಯೇ. ಸ್ವಂತ ತೋಟವಾದರೂ ಅಷ್ಟೇ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಲೈಸೆನ್ಸಿಗೆ ಮಾತ್ರ, ಬೇಟೆಗಲ್ಲ. ಹಿಡಿದು ಬೇರೆಡೆ ಬಿಡುವ ಕೆಲಸಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು.

ಹುಂಜಗರಿ:
ಕಾನೂನು ಬಿಡಿ, ನೀವು ಹೇಳಿದಂಥ ವಿಧಾನವೇ ಅಮೆರಿಕದಲ್ಲಿ ಸೋತದ್ದು. ಫಾರಂನಲ್ಲಿ ಬೆಳೆಸಿದ ಟರ್ಕಿಗಳನ್ನು ದಶಕಗಳ ಕಾಲ ಲಕ್ಷಗಟ್ಟಲೆ ಬಿಟ್ಟರು, ಹೆಚ್ಚುಕಡಿಮೆ ಎಲ್ಲ ಕಡೆಯೂ ಅಳಿದುಹೋದವು. ಗಿಡುಗ ಬಂದಾಗ ಎಲ್ಲಿ ಅಡಗಬೇಕು, ಯಾವ ಕೊಂಬೆಯಲ್ಲಿ ರಾತ್ರಿ ಕೂರಬೇಕು ಎಂಬುದನ್ನೆಲ್ಲ ಮರಿಗಳು ಕಲಿಯುವುದು ತಾಯಿ ಹೇಂಟೆಯ ಹಿಂದೆ ಓಡಾಡಿ. ಮರಿಗಳಿಗೆ ಬಿಸಿ ಕೊಡುವ ಬ್ರೂಡರ್ ಬಲ್ಬಿನ ಕೆಳಗೆ ಆ ಪಾಠ ಸಿಗುವುದಿಲ್ಲ.

ಗೆದ್ದದ್ದು ಕಾಡಿನ ಹಕ್ಕಿಯನ್ನೇ ಹಿಡಿದು ಕಾಡಿಗೇ ಬಿಟ್ಟಾಗ. 1951ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಟರ್ಕಿಗೆ ಫಿರಂಗಿ ಬಲೆ (ಮದ್ದು ಸಿಡಿಸಿ ಹಕ್ಕಿಗಳ ಮೇಲೆ ಹಾರಿಸುವ ಬಲೆ) ಬಳಸಿದ ಮೇಲೆ ಕೆಲಸಕ್ಕೆ ವೇಗ ಬಂತು. ಮಡಚಿಟ್ಟ ದೊಡ್ಡ ಬಲೆಯ ಮುಂದೆ ದಿನವೂ ಮೆಕ್ಕೆಜೋಳ ಚೆಲ್ಲುತ್ತಾರೆ. ಗುಂಪು ತಪ್ಪದೆ ಬರತೊಡಗಿದ ಮೇಲೆ, ಎಲ್ಲ ತಲೆ ತಗ್ಗಿಸಿ ತಿನ್ನುತ್ತಿರುವ ಕ್ಷಣ ನೋಡಿ ಸಿಡಿಸಬೇಕು. ತಲೆ ಎತ್ತಿದ್ದರೆ ಬಲೆಯ ಅಂಚು ಕುತ್ತಿಗೆಗೆ ಬಡಿಯುತ್ತದೆ. ಇಬ್ಬನಿಗೆ ನೆನೆದ ಬಲೆ ಭಾರವಾಗಿ ಪೂರ್ತಿ ಹರಡದೆ ಮೊದಲೇ ಬೀಳುತ್ತದೆ. ಸಿಕ್ಕ ಹಕ್ಕಿಯನ್ನು ಬೇಗ ಬಿಡಿಸಿ, ಗಾಳಿತೂತಿನ ರಟ್ಟಿನ ಪೆಟ್ಟಿಗೆಯಲ್ಲಿ ಒಂದೊಂದಾಗಿ ಕತ್ತಲಲ್ಲಿ ಇಡುತ್ತಾರೆ. ಹೆಚ್ಚು ಒದ್ದಾಡಿದರೆ ಸ್ನಾಯು ಕೆಟ್ಟು, ಬಿಟ್ಟ ಮೇಲೂ ಸಾಯುತ್ತವೆ.

ಮ್ಯಾಸಚೂಸೆಟ್ಸ್‌ನಲ್ಲಿ 1851ಕ್ಕೇ ಕೊನೆಯ ಟರ್ಕಿ ಹೋಗಿತ್ತು. 1972-73ರಲ್ಲಿ ನ್ಯೂಯಾರ್ಕಿನಿಂದ ತಂದು ಬಿಟ್ಟದ್ದು ಬರೀ 37 ಹಕ್ಕಿ. ಈಗ ಅಲ್ಲಿ 25,000ಕ್ಕೂ ಹೆಚ್ಚು. ಆದರೆ ಪಾಳುಬಿದ್ದ ಹೊಲಗಳಲ್ಲಿ ಅಷ್ಟರೊಳಗೆ ಕಾಡು ಮತ್ತೆ ಎದ್ದಿತ್ತು, ಬೇಟೆಗೂ ಕಡಿವಾಣ ಬಿದ್ದಿತ್ತು. ಹಣ ಬಂದದ್ದು 1937ರ ಕಾಯ್ದೆಯಿಂದ. ಬಂದೂಕು, ಗುಂಡುಗಳ ಮೇಲಿನ ತೆರಿಗೆ ನೇರ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ.

ನಿಮ್ಮಲ್ಲಿ ಹಕ್ಕಿ ಬೇಲಿಯಾಚೆಯೇ ಇದೆ, ಸಾಗಿಸುವ ಪ್ರಶ್ನೆಯೇ ಇಲ್ಲ. ಈಚೆಗೆ ಯಾಕೆ ಬರುತ್ತಿಲ್ಲ ಎಂದು ನೋಡಬೇಕು.

ಬಾಣೆಅಂಚು:
ಸರಿ, ಮೊಟ್ಟೆ ವಿಷಯ ಬಿಟ್ಟೆ. ಕಳೆಗೆ ವರ್ಷಕ್ಕೆ ಎರಡು ಸಲ ಮಷಿನ್, ಒಂದು ಸಲ ಕಳೆನಾಶಕ. ಬೇಲಿ ಬುಡದವರೆಗೂ ಚೊಕ್ಕಟ ಇಟ್ಟಿದ್ದೇವೆ. ಬೇಕಾದರೆ ಅಕ್ಕಿ ಚೆಲ್ಲಬಹುದು.

ಮರಗಸಿ:
ಆ ಚೊಕ್ಕಟವೇ ತೊಂದರೆ ಸರ್. ಕಾಡುಕೋಳಿ ಬಯಲು ದಾಟಲು ಹೆದರುತ್ತದೆ. ದೇವರಕಾಡಿನ ಬೇಲಿಯಿಂದ ನಿಮ್ಮ ಕೆರೆ ಅಥವಾ ತೋಡಿನವರೆಗೆ 10-15 ಅಡಿ ಅಗಲದ ಪಟ್ಟಿಯನ್ನು ಕೊಚ್ಚದೆ, ಔಷಧಿ ಹೊಡೆಯದೆ ಬಿಡಿ. ನಡುವೆ ಎಲ್ಲೂ ತುಂಡಾಗಬಾರದು. ಪಟ್ಟಿ ಪೂರ್ತಿ ಲಂಟಾನ ಆಗಲು ಮಾತ್ರ ಬಿಡಬೇಡಿ. ಅದು ಹೆಣೆದುಕೊಂಡರೆ ಹಕ್ಕಿಗೆ ಕೆದಕಲು ನೆಲವೇ ಸಿಗದು, ಬುಡಸಮೇತ ಕೀಳಿಸಿ.

ಇವು ನೆಲದ ಮೇಲೆಯೇ ಮೊಟ್ಟೆ ಇಡುವುದು, ಸಾಮಾನ್ಯವಾಗಿ ನಾಲ್ಕರಿಂದ ಏಳು. ಕಾವು ಸುಮಾರು ಮೂರು ವಾರ. ಫೆಬ್ರವರಿಯಿಂದ ಮೇವರೆಗೆ ಹೆಚ್ಚು, ಆಗ ಅಂಚಿನ ಸಾಲುಗಳಿಗೆ ಮಷಿನ್ ಬೇಡ. ಉಳಿದ ಕಡೆ ಹೊಡೆಯುವುದಾದರೆ ಪಟ್ಟಿಯಿಂದ ದೂರದ ತುದಿಯಲ್ಲಿ ಶುರುಮಾಡಿ ಪಟ್ಟಿಯತ್ತ ಬರಲಿ. ಸುತ್ತಲಿಂದ ಒಳಕ್ಕೆ ಬಂದರೆ ಮರಿಗಳು ನಡುವೆ ಸಿಕ್ಕಿಬೀಳುತ್ತವೆ. ರೈಟರಿಗೆ (ತೋಟದ ಮೇಲ್ವಿಚಾರಕನಿಗೆ) ಇದನ್ನು ನಿಂತು ತೋರಿಸಿ, ಬಾಯಲ್ಲಿ ಹೇಳಿದರೆ ಸಾಲದು.

ಮರಿಗಳಿಗೆ ಮೊದಲ ವಾರಗಳಲ್ಲಿ ಗೆದ್ದಲು, ಇರುವೆ, ಹುಳುಗಳೇ ಊಟ. ಟರ್ಕಿಗೂ ಹೀಗೆಯೇ. ಗಿಡದ ರಸ ಹೀರುವ ಹಿಟ್ಟುತಿಗಣೆಗೆಂದು ತೋಟವಿಡೀ ಬುಡಕ್ಕೆ ಕೀಟನಾಶಕದ ಪುಡಿ ಹಾಕಿದರೆ ಆ ಊಟವೂ ಹೋಯಿತು. ತಿಗಣೆ ಕಂಡ ಗಿಡಕ್ಕೆ ಮಾತ್ರ ಹಾಕಿ. ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಮಾಡುವಾಗ ಅತ್ತಿ, ಹಲಸಿನ ಅಡ್ಡಕೊಂಬೆಗಳಲ್ಲಿ ಕೆಲವನ್ನು ಉಳಿಸಿ, ರಾತ್ರಿ ಕೂರಲು ಬೇಕು.

ಅಕ್ಕಿ ಖಂಡಿತ ಬೇಡ. ದಿನವೂ ಒಂದೇ ಜಾಗಕ್ಕೆ ಬರುವ ಕೋಳಿಗೆ ಉರುಳು ಇಡುವುದು ಬಲು ಸುಲಭ.

ಕೋವಿಮನೆ:
ಉರುಳಿನ ಮಾತು ನಿಜ. ವಾರಕ್ಕೊಮ್ಮೆ ಬೇಲಿಯುದ್ದಕ್ಕೂ ನಡೆದು ಕಂಡಿಗಳನ್ನು ನೋಡಿ. ಹಂದಿಗೆಂದು ಕಟ್ಟಿದ ಕ್ಲಚ್ ವೈರ್ ಉರುಳು ಕೂಡ ಸಿಗಬಹುದು, ಅರಣ್ಯ ಇಲಾಖೆಗೆ ತಿಳಿಸಿ. ಲೈನ್‌ಮನೆಯ (ಕಾರ್ಮಿಕರ ಮನೆಸಾಲಿನ) ನಾಯಿಗಳನ್ನು ಕಾವಿನ ತಿಂಗಳುಗಳಲ್ಲಾದರೂ ಕಟ್ಟಿಹಾಕಿಸಿ.

ಕೊಟ್ಟಿಗೆಹಿಂದೆ:
ನಾಟಿಕೋಳಿ ಇದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ, ರೋಗ ಅವುಗಳಿಂದ ಕಾಡುಕೋಳಿಗೂ ಹರಡಬಹುದು. ಮರಿಗೆ 5-7ನೇ ದಿನ ಲಸೋಟಾ ಅಥವಾ ಎಫ್-1, ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರಕ್ಕೆ ಆರ್-2-ಬಿ ಚುಚ್ಚುಮದ್ದು. ಐಸಿನಲ್ಲೇ ತನ್ನಿ, ಕಲಸಿದ ಎರಡು ಗಂಟೆಯೊಳಗೆ ಮುಗಿಸಿ. ಬಿಸಿಲಲ್ಲಿ ಇಟ್ಟ ಲಸಿಕೆ ನೀರಿಗೆ ಸಮ. ಸತ್ತ ಕೋಳಿಯನ್ನು ತೋಟದಂಚಿಗೆ ಎಸೆಯದೆ ಸುಣ್ಣ ಹಾಕಿ ಆಳಕ್ಕೆ ಹೂಳಿ.

ಹುಂಜಗರಿ:
ಒಂದು ಬಿಟ್ಟುಹೋಯಿತು. ಮಳೆಗಾಲದಲ್ಲಿ ಹುಂಜ ಕತ್ತಿನ ಗರಿ ಉದುರಿಸಿ ಮಂಕಾಗಿರುತ್ತದೆ, ಕೂಗುವುದೂ ಕಡಿಮೆ. ಜುಲೈನಲ್ಲಿ ಕಿವಿಗೊಟ್ಟು ಲೆಕ್ಕ ಹಾಕಬೇಡಿ. ಬೇಸಗೆಯಲ್ಲಿ ಹೇಂಟೆಯ ಜೊತೆ ಎಷ್ಟು ಮರಿ ಓಡಾಡುತ್ತಿವೆ ಎಂದು ಬರೆದಿಡಿ. ಟರ್ಕಿಗೂ ಅಲ್ಲಿ ಬೇಸಗೆ ಸಮೀಕ್ಷೆಯಲ್ಲಿ ನೋಡುವುದು ಅದನ್ನೇ, ಒಂದು ಹೇಂಟೆಗೆ ಎಷ್ಟು ಮರಿ ಎಂದು.